ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿ ಆಧುನಿಕ ಮತ್ತು ಸಮಕಾಲೀನ ಕಲೆಯ ಕ್ಯುರೇಟರ್: ಕೆಲಸಕ್ಕೆ ಇಳಿಯುವವರಿಗೆ ಒಂದು ಮಾರ್ಗದರ್ಶಿ

ಒಂದು ಜಲವರ್ಣ ಚಿತ್ರವನ್ನು ಗ್ಯಾಲರಿಯ ಗೋಡೆಗೆ ಹಾಕಿ, 50 ಲಕ್ಸ್ (ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ) ಬೆಳಕಿನಲ್ಲಿ ದಿನಕ್ಕೆ 8 ಗಂಟೆಯಂತೆ 90 ದಿನ ಇಟ್ಟರೆ ಅದರ ಮೇಲೆ ಬಿದ್ದ ಬೆಳಕಿನ ಲೆಕ್ಕ 36,000 ಲಕ್ಸ್-ಗಂಟೆ. ಅದೇ ಚಿತ್ರವನ್ನು ಅಧ್ಯಯನ ಕೊಠಡಿಗೆ ತಂದು, 200 ಲಕ್ಸ್‌ನ ಧಾರಾಳ ಬೆಳಕಿನಲ್ಲಿ ಒಂದೂವರೆ ಗಂಟೆಯ ತರಗತಿ ನಡೆಸಿದರೆ ಬೀಳುವುದು 300 ಲಕ್ಸ್-ಗಂಟೆ. ಅಂದರೆ ಒಂದು ಪ್ರದರ್ಶನಕ್ಕೆ ವ್ಯಯವಾಗುವ ಬೆಳಕಿನಲ್ಲಿ 120 ತರಗತಿಗಳು ಆ ಚಿತ್ರವನ್ನು ಒಂದು ಮೊಳದ ದೂರದಲ್ಲಿ ಕೂತು ನೋಡಬಹುದು. ವಿಶ್ವವಿದ್ಯಾಲಯದ ಮ್ಯೂಸಿಯಂಗೆ ಸೇರುವ ಕ್ಯುರೇಟರ್ (ಸಂಗ್ರಹಕ್ಕೆ ಕೃತಿ ಆರಿಸಿ, ಪ್ರದರ್ಶನ ರೂಪಿಸುವವರು) ಈ ಲೆಕ್ಕವನ್ನು ಮೊದಲ ದಿನವೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಹೊರಗಿನವರಿಗೆ ಕಾಣುವುದು ಪ್ರದರ್ಶನ. ಆದರೆ ಸಂಗ್ರಹ ನಿಜವಾಗಿ ದುಡಿಯುವುದು ಅಧ್ಯಯನ ಕೊಠಡಿಯಲ್ಲಿ. ಏನನ್ನು ಕೊಳ್ಳಬೇಕು, ಏನನ್ನು ಬೇಡವೆನ್ನಬೇಕು, ಯಾವಾಗ ಪ್ರದರ್ಶನ ತೆರೆಯಬೇಕು ಎಂಬ ನಿರ್ಧಾರಗಳನ್ನೆಲ್ಲ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಮಾಡಿದರೆ ಕೆಲಸ ಸರಿದಾರಿಯಲ್ಲಿರುತ್ತದೆ. ನಗರದ ದೊಡ್ಡ ಮ್ಯೂಸಿಯಂ ಮಾಡುವುದನ್ನೇ ಚಿಕ್ಕ ಹಣದಲ್ಲಿ, ನಾಲ್ಕು ಜನರ ಸಿಬ್ಬಂದಿಯಲ್ಲಿ ಮಾಡಲು ಹೊರಟ ಕಡೆ ಹಣವೂ ಸಾಲುವುದಿಲ್ಲ, ವಿದ್ಯಾರ್ಥಿಗಳೂ ಒಳಗೆ ಬರುವುದಿಲ್ಲ.

ಮೊದಲ ಮೂರು ತಿಂಗಳು

ಹೊಸ ಪ್ರದರ್ಶನದ ಕಲ್ಪನೆಗಳನ್ನು ಬದಿಗಿಟ್ಟು ಉಗ್ರಾಣಕ್ಕೆ ಇಳಿಯಿರಿ. ಕಂಪ್ಯೂಟರಿನಲ್ಲಿರುವ ಪಟ್ಟಿಯನ್ನು ನಂಬಿ ಕೂರಬೇಡಿ. ವಾರಕ್ಕೆ ಎರಡು ಅರ್ಧ ದಿನ ಮೀಸಲಿಟ್ಟು, ರಿಜಿಸ್ಟ್ರಾರ್ ಜೊತೆ ಕಪಾಟು ಕಪಾಟಾಗಿ ಕೃತಿಗಳನ್ನು ನೋಡುತ್ತ ಹೋಗಿ. (ಇಲ್ಲಿ ರಿಜಿಸ್ಟ್ರಾರ್ ಎಂದರೆ ಮ್ಯೂಸಿಯಂನ ಕೃತಿಗಳ ದಾಖಲೆ, ಸಾಗಾಟ, ವಿಮೆ ನೋಡಿಕೊಳ್ಳುವವರು. ವಿಶ್ವವಿದ್ಯಾಲಯದ ಕುಲಸಚಿವರಲ್ಲ. ಪತ್ರಗಳು ತಪ್ಪು ಮೇಜಿಗೆ ಹೋಗುವುದು ಸಾಮಾನ್ಯ.) ಪ್ರತಿ ಕೃತಿಗೂ ಐದು ವಿಷಯ ಗುರುತು ಹಾಕಿಕೊಳ್ಳಿ: ಅದು ಪಟ್ಟಿಯಲ್ಲಿ ಹೇಳಿದ ಜಾಗದಲ್ಲಿದೆಯೇ, ಅಕ್ಸೆಷನ್ ಸಂಖ್ಯೆ (ಸಂಗ್ರಹಕ್ಕೆ ಸೇರಿಸುವಾಗ ಕೊಡುವ ದಾಖಲೆ ಸಂಖ್ಯೆ) ಕೃತಿಯ ಮೇಲೂ ಇದೆಯೇ, ಈಗಲೇ ಪ್ರದರ್ಶಿಸಬಹುದಾದ ಸ್ಥಿತಿಯಲ್ಲಿದೆಯೇ, ಹಕ್ಕುಸ್ವಾಮ್ಯ ಯಾರದು, ಯಾವ ವಿಭಾಗದ ಪಾಠಕ್ಕೆ ಒದಗುತ್ತದೆ.

ಈ ಐದನೆಯ ಅಂಕಣವೇ ಮುಂದಿನ ವರ್ಷಗಳಲ್ಲಿ ನಿಮ್ಮ ಕೈಗೆ ಹೆಚ್ಚು ಬರುವುದು. ಅಮೂರ್ತ ಮುದ್ರಣ ಚಿತ್ರಗಳ ಸರಣಿಯೊಂದು ಗಣಿತದ ಸಮ್ಮಿತಿ ಪಾಠಕ್ಕೂ ಆಗುತ್ತದೆ. ಕಾರ್ಖಾನೆಗಳ ಛಾಯಾಚಿತ್ರಗಳು ಅರ್ಥಶಾಸ್ತ್ರಕ್ಕೂ ಪರಿಸರ ವಿಜ್ಞಾನಕ್ಕೂ ಬೇಕು. ಬಿರುಕು ಬಿಟ್ಟ ಪ್ಲಾಸ್ಟಿಕ್ ಶಿಲ್ಪ ಪಾಲಿಮರ್ ರಸಾಯನಶಾಸ್ತ್ರದವರಿಗೆ ಪಠ್ಯಪುಸ್ತಕಕ್ಕಿಂತ ಚೆನ್ನಾದ ಉದಾಹರಣೆ. ಹಾಳಾಗಿದೆ ಎಂದು ಹಿಂದೆ ಸರಿಸಿದ ಕೃತಿಗಳನ್ನು ಈ ಕಣ್ಣಿನಿಂದ ಮತ್ತೊಮ್ಮೆ ನೋಡಿ.

ಹಳೆಯ ಸಂಗ್ರಹಗಳಲ್ಲಿ ಕಾಗದಪತ್ರವಿಲ್ಲದ ಕೃತಿಗಳು ಸಿಕ್ಕೇ ಸಿಗುತ್ತವೆ. ನಿವೃತ್ತ ಪ್ರಾಧ್ಯಾಪಕರು ಬಿಟ್ಟುಹೋದದ್ದು, ಎಂದೋ ಪ್ರದರ್ಶನಕ್ಕೆಂದು ತಂದು ಹಿಂದಿರುಗಿಸದ್ದು, ವಿದ್ಯಾರ್ಥಿ ಕೃತಿಯೋ ಹೆಸರಾಂತ ಕಲಾವಿದರದ್ದೋ ತಿಳಿಯದ್ದು. ಅವಸರದಲ್ಲಿ ಇವುಗಳಿಗೆ ಸಂಖ್ಯೆ ಕೊಟ್ಟು ಸಂಗ್ರಹಕ್ಕೆ ಸೇರಿಸಿಬಿಡಬೇಡಿ. ತಾತ್ಕಾಲಿಕ ಸಂಖ್ಯೆ ಕೊಟ್ಟು, ಛಾಯಾಚಿತ್ರ ತೆಗೆದು, ಬೇರೆ ಪಟ್ಟಿಯಲ್ಲಿಡಿ. ಮಾಲೀಕತ್ವ ಸಾಬೀತಾಗದ ಕೃತಿಯನ್ನು ನಿಮ್ಮದೆಂದು ಬರೆದುಕೊಂಡರೆ ಮುಂದೊಂದು ದಿನ ಕುಟುಂಬದವರು ಬಂದು ಕೇಳಿದಾಗ ವಿಶ್ವವಿದ್ಯಾಲಯದ ವಕೀಲರೇ ಉತ್ತರ ಕೊಡಬೇಕಾಗುತ್ತದೆ. ವಿಭಾಗ ಕಚೇರಿಗಳಲ್ಲೂ ಅತಿಥಿಗೃಹದಲ್ಲೂ ತೂಗುತ್ತಿರುವ ಕೃತಿಗಳನ್ನು ಇದೇ ಅವಧಿಯಲ್ಲಿ ಎಣಿಸಿಬಿಡಿ. ಕಿಟಕಿಯ ಎದುರು, ಹವಾನಿಯಂತ್ರಕದ ಕೆಳಗೆ, ಕಾಫಿ ಯಂತ್ರದ ಪಕ್ಕ ಇರುವವನ್ನು ಮೊದಲು ಇಳಿಸಬೇಕು.

ಅಧ್ಯಯನ ಕೊಠಡಿಯ ತರಗತಿ

ಪ್ರಾಧ್ಯಾಪಕರು ಮುಂದಿನ ಸೆಮಿಸ್ಟರಿನ ಪಠ್ಯಯೋಜನೆಯನ್ನು ತರಗತಿ ಶುರುವಾಗುವ ನಾಲ್ಕೈದು ತಿಂಗಳ ಮುಂಚೆ ಬರೆದು ಮುಗಿಸಿರುತ್ತಾರೆ. ಆಮೇಲೆ ಹೋಗಿ ಮ್ಯೂಸಿಯಂಗೆ ಬನ್ನಿ ಎಂದರೆ ಅವರಿಗೆ ಇಷ್ಟವಿದ್ದರೂ ದಿನ ಉಳಿದಿರುವುದಿಲ್ಲ. ಆದ್ದರಿಂದ ಆ ಹೊತ್ತಿಗೆ ಮುನ್ನವೇ ಪ್ರತಿ ವಿಭಾಗಕ್ಕೂ ಒಂದೇ ಪುಟದ ಪತ್ರ ಹೋಗಬೇಕು. ಅದರಲ್ಲಿ ಅವರ ಒಂದು ನಿರ್ದಿಷ್ಟ ಕೋರ್ಸಿನ ಹೆಸರು, ಅದಕ್ಕೆ ಹೊಂದುವ ನಾಲ್ಕು ಕೃತಿಗಳ ಚಿತ್ರ, ನಿಮ್ಮ ಫೋನ್ ಸಂಖ್ಯೆ ಇದ್ದರೆ ಸಾಕು. ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಯಾರೂ ಓದುವುದಿಲ್ಲ.

ಒಂದು ತರಗತಿಗೆ 12ರಿಂದ 15 ವಿದ್ಯಾರ್ಥಿಗಳು, 75ರಿಂದ 90 ನಿಮಿಷ, 6ರಿಂದ 10 ಕೃತಿಗಳು. ಇದಕ್ಕಿಂತ ಹೆಚ್ಚು ಕೃತಿ ಹೊರತೆಗೆದರೆ ಯಾವುದನ್ನೂ ನೋಡಿದಂತಾಗುವುದಿಲ್ಲ. 30 ಜನರ ತರಗತಿಯಾದರೆ ಎರಡು ತಂಡ ಮಾಡಿ, ಒಂದು ತಂಡ ಗ್ಯಾಲರಿಯಲ್ಲಿ ಇನ್ನೊಂದು ಕೊಠಡಿಯಲ್ಲಿ, ನಡುವೆ ಅದಲುಬದಲು. ಕೋರಿಕೆ ಎರಡು ಮೂರು ವಾರ ಮುಂಚೆ ಬರಬೇಕೆಂಬ ನಿಯಮವನ್ನು ಬಿಗಿಯಾಗಿ ಪಾಲಿಸಿ. ಕೃತಿಗಳನ್ನು ಹುಡುಕಿ, ಸ್ಥಿತಿ ನೋಡಿ, ತಂದು ಜೋಡಿಸಲು ಅಷ್ಟು ಸಮಯ ಬೇಕೇ ಬೇಕು.

ಕೊಠಡಿಯ ನಿಯಮಗಳು ಸರಳ. ಚೀಲ, ನೀರಿನ ಬಾಟಲಿ, ಪೆನ್ನು ಹೊರಗೆ. ಬರೆಯಲು ಪೆನ್ಸಿಲ್ ಮಾತ್ರ, ಏಕೆಂದರೆ ಪೆನ್ಸಿಲ್ ಗೀರನ್ನು ತೆಗೆಯಬಹುದು, ಶಾಯಿಯದ್ದನ್ನು ಬಹುಮಟ್ಟಿಗೆ ಆಗುವುದಿಲ್ಲ. ಮೌಂಟ್ ಮಾಡಿದ ಕಾಗದದ ಕೃತಿಗಳಿಗೆ ತೊಳೆದು ಒಣಗಿಸಿದ ಬರಿಗೈ ಸಾಕು. ಕೈಗವಸಿನಲ್ಲಿ ಬೆರಳಿನ ಸೂಕ್ಷ್ಮ ಹೋಗಿ ಕಾಗದದ ಅಂಚು ಹರಿಯುವುದೇ ಹೆಚ್ಚು. ಛಾಯಾಚಿತ್ರ ಮತ್ತು ಲೋಹಕ್ಕೆ ಮಾತ್ರ ನೈಟ್ರೈಲ್ ಕೈಗವಸು ಕಡ್ಡಾಯ, ಬೆರಳಿನ ಬೆವರಿನ ಲವಣ ಅವುಗಳ ಮೇಲೆ ಶಾಶ್ವತ ಗುರುತು ಬಿಡುತ್ತದೆ. ಹತ್ತಿಯ ಬಿಳಿ ಕೈಗವಸು ಬೇಡ, ಜಾರುತ್ತದೆ ಮತ್ತು ಬೆವರನ್ನು ಹೀರಿ ದಾಟಿಸುತ್ತದೆ.

ಪಾಠದ ಮೊದಲ ಹತ್ತು ನಿಮಿಷ ಯಾರೂ ಮಾತಾಡದಂತೆ ನೋಡಿಕೊಳ್ಳಿ, ಪ್ರಾಧ್ಯಾಪಕರನ್ನೂ ಸೇರಿಸಿ. ಪ್ರತಿಯೊಬ್ಬರೂ ಒಂದೇ ಕೃತಿಯ ಮುಂದೆ ಕೂತು ತಮಗೆ ಕಂಡದ್ದನ್ನು ಮಾತ್ರ ಬರೆಯಲಿ, ಅರ್ಥ ಆಮೇಲೆ. ಕಲಾವಿದರ ಹೆಸರು ಮತ್ತು ವರ್ಷವನ್ನು ಮೊದಲೇ ಹೇಳಿದರೆ ವಿದ್ಯಾರ್ಥಿಗಳು ಫೋನಿನಲ್ಲಿ ಹುಡುಕಿ ಸಿಕ್ಕಿದ್ದನ್ನೇ ಹೇಳುತ್ತಾರೆ, ನೋಡುವುದು ನಿಂತುಹೋಗುತ್ತದೆ.

ಪ್ರತಿ ತರಗತಿಯ ನಂತರ ಯಾವ ಕೃತಿ ಎಷ್ಟು ಹೊತ್ತು ಹೊರಗಿತ್ತು ಎಂದು ದಾಖಲಿಸಿ. ಕಾಗದದ ಕೃತಿಗಳನ್ನು ಮೂರು ನಾಲ್ಕು ತಿಂಗಳ ಪ್ರದರ್ಶನದ ನಂತರ ಕೆಲವು ವರ್ಷ ಕತ್ತಲಲ್ಲಿ ಇಡುವುದು ವಾಡಿಕೆ. ವಿಶ್ರಾಂತಿಯಿಂದ ಬಣ್ಣ ಮರಳಿ ಬರುವುದಿಲ್ಲ, ಮಸುಕಾಗುವ ವೇಗವಷ್ಟೇ ಕಡಿಮೆಯಾಗುತ್ತದೆ. ತೈಲಚಿತ್ರ ಮತ್ತು ಅಕ್ರಿಲಿಕ್ ಚಿತ್ರಗಳಿಗೆ 200 ಲಕ್ಸ್ ವರೆಗೆ ನಡೆಯುತ್ತದೆ. ಫೆಲ್ಟ್ ಪೆನ್, ಪ್ರತಿದೀಪ್ತ ಬಣ್ಣ, ಹಳೆಯ ಬಣ್ಣದ ಛಾಯಾಚಿತ್ರ ಇರುವಲ್ಲಿ 50 ಲಕ್ಸ್ ಕೂಡ ಹೆಚ್ಚೇ.

ಸಂಗ್ರಹಕ್ಕೆ ಸೇರಿಸುವುದು

ಕೊಳ್ಳುವ ಹಣ ಕಡಿಮೆ, ಬರುವ ದಾನಗಳು ಹೆಚ್ಚು. ಹಾಗಾಗಿ ಬೇಡ ಎನ್ನಲು ಕಲಿಯುವುದು ಈ ಹುದ್ದೆಯ ಅರ್ಧ ಕೌಶಲ. ಸ್ವೀಕರಿಸಿದ ಪ್ರತಿ ಕೃತಿಯೂ ಮುಂದಿನ ನೂರು ವರ್ಷ ಜಾಗ, ವಿದ್ಯುತ್, ಗಮನ ಕೇಳುತ್ತದೆ. ಕೃತಿಯನ್ನು ಸ್ವೀಕರಿಸಬೇಕೇ ಎಂದು ನಿರ್ಧರಿಸುವ ಸಮಿತಿಯ ಮುಂದಿಡುವ ಟಿಪ್ಪಣಿ 1,000ದಿಂದ 1,500 ಪದಗಳಿರಲಿ. ಅದರಲ್ಲಿ ಕೃತಿಯ ವಿವರಣೆ, ಕಲಾವಿದರ ಒಟ್ಟು ಕೆಲಸದಲ್ಲಿ ಅದರ ಸ್ಥಾನ, ನಮ್ಮ ಸಂಗ್ರಹದಲ್ಲಿ ಅದು ತುಂಬುವ ಕೊರತೆ, ಕನ್ಸರ್ವೇಟರ್ (ಕೃತಿಗಳ ಸಂರಕ್ಷಣಾ ತಜ್ಞರು) ವರದಿ, ಈವರೆಗಿನ ಮಾಲೀಕರ ಸರಣಿ, ಬೆಲೆಗೆ ಆಧಾರ, ಉಗ್ರಾಣದಲ್ಲಿ ಬೇಕಾಗುವ ಘನ ಅಳತೆ ಎಲ್ಲವೂ ಬರಬೇಕು. ಇವುಗಳ ಜೊತೆಗೆ ಕನಿಷ್ಠ ಮೂರು ವಿಭಾಗಗಳ ಯಾವ ಯಾವ ಕೋರ್ಸ್‌ಗಳಲ್ಲಿ ಅದು ಬಳಕೆಯಾಗುತ್ತದೆ ಎಂದು ಹೆಸರಿಸಿ. ಮೂರು ಹೆಸರು ಹೊಳೆಯದಿದ್ದರೆ ಕೃತಿ ಒಳ್ಳೆಯದೇ ಇರಬಹುದು, ಬೇರೆ ಮ್ಯೂಸಿಯಂಗೆ ಅದು ಹೆಚ್ಚು ಒಪ್ಪುತ್ತದೆ.

ಮಾಲೀಕರ ಸರಣಿಯಲ್ಲಿ ಆಧುನಿಕ ಕಲೆಯವರು ವಿಶೇಷವಾಗಿ ಕಣ್ಣಿಡಬೇಕಾದದ್ದು 1933ರಿಂದ 1945ರ ಅವಧಿ. ಆ ವರ್ಷಗಳಲ್ಲಿ ಯುರೋಪಿನಲ್ಲಿ ನಾಜಿಗಳು ಕಸಿದುಕೊಂಡ, ಬಲವಂತವಾಗಿ ಮಾರಿಸಿದ ಕೃತಿಗಳು ಇಂದಿಗೂ ಸಂಗ್ರಹಗಳಲ್ಲಿ ಸಿಗುತ್ತಿವೆ. ಅವುಗಳ ಪತ್ತೆ ಮತ್ತು ನ್ಯಾಯಯುತ ಪರಿಹಾರಕ್ಕಾಗಿ ರೂಪುಗೊಂಡ ವಾಷಿಂಗ್ಟನ್ ತತ್ವಗಳನ್ನು 1998ರಲ್ಲಿ 44 ದೇಶಗಳು ಒಪ್ಪಿಕೊಂಡವು. ಆ ಅವಧಿಯ ಸರಪಳಿಯಲ್ಲಿ ಖಾಲಿ ಜಾಗವಿದ್ದರೆ, ಚಿತ್ರದ ಹಿಂಬದಿಯ ಚೀಟಿ, ಸೀಲು, ಸೀಮೆಸುಣ್ಣದ ಅಂಕಿಗಳ ಛಾಯಾಚಿತ್ರ ತೆಗೆದು ಹುಡುಕಾಟ ಶುರುಮಾಡಿ, ಮುಗಿಯುವವರೆಗೆ ಸ್ವೀಕಾರ ತಡೆಹಿಡಿಯಿರಿ. ಫ್ರೇಮ್ ಬದಲಿಸುವಾಗ ಹಳೆಯ ಚೀಟಿಗಳನ್ನು ಕಿತ್ತೆಸೆಯುವುದು ಮಹಾಪರಾಧ, ಎಷ್ಟೋ ಬಾರಿ ಉಳಿದಿರುವ ಏಕೈಕ ಸಾಕ್ಷಿ ಅದೇ.

ದಾನಿಗಳ ವಿಷಯದಲ್ಲಿ ಮೂರು ಗೆರೆಗಳನ್ನು ದಾಟಬೇಡಿ. ಸದಾ ಪ್ರದರ್ಶನದಲ್ಲಿರಬೇಕು ಎಂಬಂತಹ ಷರತ್ತನ್ನು ಒಪ್ಪಬೇಡಿ. ಕಾಗದದ ಕೃತಿಗಾದರೆ ಅದು ಮರಣಶಾಸನ. ದಾನಿಗೆ ಕೃತಿಯ ಬೆಲೆ ಹೇಳಬೇಡಿ, ಮೌಲ್ಯಮಾಪನವನ್ನು ಸ್ವತಂತ್ರ ತಜ್ಞರೇ ಮಾಡಬೇಕು. ಮ್ಯೂಸಿಯಂ ಸಂಗ್ರಹಿಸುವ ಕಲಾವಿದರ ಕೃತಿಗಳನ್ನು ನೀವು ಸ್ವಂತಕ್ಕೆ ಕೊಳ್ಳಬೇಡಿ. ನಿಮ್ಮ ಪ್ರದರ್ಶನದಿಂದ ಆ ಕಲಾವಿದರ ಬೆಲೆ ಏರುತ್ತದೆ, ಆಗ ನಿಮ್ಮ ಪ್ರತಿ ನಿರ್ಧಾರವೂ ಅನುಮಾನಕ್ಕೆ ಗುರಿಯಾಗುತ್ತದೆ. ಖಾಸಗಿ ಸಂಗ್ರಹವೊಂದನ್ನು ಇಡಿಯಾಗಿ ಪ್ರದರ್ಶಿಸುವ ಪ್ರಸ್ತಾಪ ಬಂದರೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಪ್ರದರ್ಶನ ಮುಗಿದ ಮೇಲೆ ಆ ಕೃತಿಗಳು ಹರಾಜಿಗೆ ಹೋಗುತ್ತವೆಯೇ?

ಕೃತಿಯ ಮಾಲೀಕತ್ವ ಬಂದರೆ ಹಕ್ಕುಸ್ವಾಮ್ಯವೂ ಬಂತೆಂದು ತಿಳಿಯಬೇಡಿ. ಇವು ಎರಡು ಬೇರೆ ಕಾಗದ. ದಾನಪತ್ರ ಅಥವಾ ಬಿಲ್ಲಿನ ಜೊತೆಗೇ ಕಲಾವಿದರಿಂದ ಒಂದು ಪರವಾನಗಿಗೆ ಸಹಿ ಪಡೆಯಿರಿ. ಪಾಠ, ಜಾಲತಾಣ, ಪ್ರಚಾರ, ಕ್ಯಾಟಲಾಗ್ ಮುದ್ರಣ ಈ ನಾಲ್ಕಕ್ಕೂ ಅದರಲ್ಲಿ ಅನುಮತಿ ಇರಲಿ. ಖರೀದಿಯ ದಿನ ಐದು ನಿಮಿಷದ ಈ ಕೆಲಸ, ಹತ್ತು ವರ್ಷದ ನಂತರ ವಾರಸುದಾರರನ್ನು ಹುಡುಕಿಕೊಂಡು ಹೋಗುವ ಆರು ತಿಂಗಳ ಕೆಲಸವಾಗುತ್ತದೆ.

ಕಲಾವಿದರು ಬದುಕಿರುವಾಗಲೇ ಕೇಳಿ

ಹಳೆಯ ಕಲೆಯ ಕ್ಯುರೇಟರ್‌ಗಳಿಗೆ ಇಲ್ಲದ ಭಾಗ್ಯ ನಮಗಿದೆ. ಕೃತಿ ಮಾಡಿದವರನ್ನು ಫೋನಿನಲ್ಲಿ ಕೇಳಬಹುದು. ಈ ಭಾಗ್ಯವನ್ನು ಬಳಸಿಕೊಳ್ಳದೆ ಹೋದ ಸಂಗ್ರಹಗಳನ್ನು ನೋಡಿದರೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಅಮೆರಿಕದ ಚಿತ್ರಕಾರ ಮಾರ್ಕ್ ರೊಥ್ಕೊ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಮಾಡಿಕೊಟ್ಟ ಐದು ಬೃಹತ್ ಚಿತ್ರಗಳನ್ನು 1964ರಲ್ಲಿ ಹೊಲಿಯೋಕ್ ಸೆಂಟರ್ ಕಟ್ಟಡದ ಊಟದ ಕೋಣೆಯಲ್ಲಿ ಹಾಕಲಾಯಿತು. ಅವರು ಬಳಸಿದ್ದ ಲಿಥಾಲ್ ಕೆಂಪು ಬೆಳಕಿಗೆ ನಿಲ್ಲದ ವರ್ಣದ್ರವ್ಯ. ದೊಡ್ಡ ಕಿಟಕಿಗಳ ಬಿಸಿಲಿಗೆ ಕಡುಗೆಂಪು ನೀಲಿಗೆ ತಿರುಗಿತು, 1979ರ ಹೊತ್ತಿಗೆ ಚಿತ್ರಗಳು ಉಗ್ರಾಣ ಸೇರಿದವು. ಕಲಾವಿದ 1970ರಲ್ಲೇ ತೀರಿಕೊಂಡಿದ್ದರು. 2014ರಲ್ಲಿ ಹಾರ್ವರ್ಡ್ ಕಲಾ ಮ್ಯೂಸಿಯಂಗಳು ಅವುಗಳನ್ನು ಮತ್ತೆ ತೋರಿಸಿದಾಗ ಕ್ಯಾನ್ವಾಸಿಗೆ ಒಂದು ತೊಟ್ಟು ಬಣ್ಣವನ್ನೂ ಹಚ್ಚಲಿಲ್ಲ. ಕಳೆದುಹೋದ ಬಣ್ಣವನ್ನು ಲೆಕ್ಕ ಹಾಕಿ ಪ್ರೊಜೆಕ್ಟರ್ ಬೆಳಕಿನಿಂದ ಮೇಲೆ ಬೀಳಿಸಿದರು. ಆ ಲೆಕ್ಕಕ್ಕೆ ಆಧಾರವಾದವುಗಳಲ್ಲಿ 1964ರಲ್ಲಿ ತೆಗೆದ ಬಣ್ಣದ ಛಾಯಾಚಿತ್ರಗಳೂ ಇದ್ದವು, ಅವು ಕೂಡ ಮಾಸಿದ್ದರಿಂದ ಮೊದಲು ಅವನ್ನೇ ಸರಿಪಡಿಸಬೇಕಾಯಿತು. ಕೃತಿ ಒಳಬಂದ ವಾರವೇ ಬಣ್ಣದ ಮಾಪಕ ಪಟ್ಟಿಯನ್ನು ಪಕ್ಕದಲ್ಲಿಟ್ಟು ಛಾಯಾಚಿತ್ರ ತೆಗೆಯಬೇಕು ಎಂಬ ನಿಯಮದ ಬೆಲೆ ಇಲ್ಲಿದೆ.

ಈವಾ ಹೆಸ್ಸೆ 1960ರ ದಶಕದ ಕೊನೆಯಲ್ಲಿ ಲೇಟೆಕ್ಸ್‌ನಲ್ಲಿ ಮಾಡಿದ ಶಿಲ್ಪಗಳು ಕಂದಾಗಿ, ಗಡುಸಾಗಿ, ಕೆಲವು ಪ್ರದರ್ಶಿಸಲಾಗದ ಸ್ಥಿತಿಗೆ ಬಂದಿವೆ. 34ನೇ ವಯಸ್ಸಿನಲ್ಲಿ ಅವರು ತೀರಿಕೊಂಡದ್ದರಿಂದ, ಮರುಸೃಷ್ಟಿ ಮಾಡಬಹುದೇ ಎಂಬ ಪ್ರಶ್ನೆಗೆ ಪ್ರತಿ ಮ್ಯೂಸಿಯಂ ತಾನೇ ಉತ್ತರ ಹುಡುಕಬೇಕಾಗಿದೆ. ಇದಕ್ಕೆ ಎದುರು ದಿಕ್ಕಿನಲ್ಲಿ ಸಾಲ್ ಲೆವಿಟ್ ನಿಂತಿದ್ದಾರೆ. ಅವರ ಗೋಡೆಚಿತ್ರಗಳು ಸೂಚನೆ ಮತ್ತು ಪ್ರಮಾಣಪತ್ರದ ರೂಪದಲ್ಲಿ ಉಳಿಯುತ್ತವೆ, ಬೇರೆಯವರ ಕೈಯಲ್ಲಿ ಮತ್ತೆ ಮತ್ತೆ ಮೂಡುತ್ತವೆ. ಅವರು 2007ರಲ್ಲಿ ತೀರಿಕೊಂಡ ಮರುವರ್ಷ ಯೇಲ್ ವಿಶ್ವವಿದ್ಯಾಲಯದ ಕಲಾ ಗ್ಯಾಲರಿಯೂ ಕೈಜೋಡಿಸಿ ಅಮೆರಿಕದ ಸಮಕಾಲೀನ ಕಲಾ ಮ್ಯೂಸಿಯಂ ಮಾಸ್ ಮೋಕಾದಲ್ಲಿ ತೆರೆದ ಪ್ರದರ್ಶನದಲ್ಲಿ 105 ಗೋಡೆಚಿತ್ರಗಳು ಮೂಡಿದವು, ಅವುಗಳನ್ನು ಬರೆದ ಕೈಗಳಲ್ಲಿ ವಿದ್ಯಾರ್ಥಿಗಳದ್ದೂ ಇದ್ದವು. ಕಾಗದದಲ್ಲಿ ಎಲ್ಲವೂ ಸ್ಪಷ್ಟವಾಗಿದ್ದರೆ ಏನು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಪ್ರತಿ ಸ್ವೀಕಾರದ ಆರು ತಿಂಗಳೊಳಗೆ ಕಲಾವಿದರ ಜೊತೆ ಒಂದು ಗಂಟೆಯ ಸಂದರ್ಶನ ಧ್ವನಿಮುದ್ರಿಸಿ. ಕನ್ಸರ್ವೇಟರ್ ಜೊತೆಯಲ್ಲಿರಲಿ, ಸಾಧ್ಯವಾದರೆ ಕೃತಿಯ ಮುಂದೆಯೇ ಕೂರಿ. ಕೇಳಬೇಕಾದದ್ದು ಇವು:

– ಯಾವ ಬಣ್ಣ, ಯಾವ ಅಂಟು, ಯಾವ ಮರ, ಯಾವ ಕಂಪನಿಯ ಸಾಮಗ್ರಿ? ಮೇಲೆ ವಾರ್ನಿಶ್ ಇದೆಯೇ?
– ಯಾವ ಬದಲಾವಣೆ ನಿಮಗೆ ಒಪ್ಪಿಗೆ? ಹಳದಿಯಾಗುವುದು, ತುಕ್ಕು, ಬಿರುಕು ಕೃತಿಯ ಭಾಗವೇ, ಹಾನಿಯೇ?
– ಒಂದು ಭಾಗ ಮುರಿದರೆ ಬದಲಿಸಬಹುದೇ? ಯಾರು ಬದಲಿಸಬೇಕು? ಹಳೆಯದನ್ನು ಇಟ್ಟುಕೊಳ್ಳಬೇಕೇ?
– ಕನಿಷ್ಠ ಎಷ್ಟು ಜಾಗ ಬೇಕು? ಗೋಡೆಯ ಬಣ್ಣ, ಬೆಳಕು, ಪಕ್ಕದ ಕೃತಿಯಿಂದ ದೂರ?
– ವಿದ್ಯಾರ್ಥಿಗಳು ಮುಟ್ಟಬಹುದೇ, ಜೋಡಿಸಬಹುದೇ?
– ಯಾವ ಸ್ಥಿತಿ ಬಂದರೆ ಇದು ಇನ್ನು ನನ್ನ ಕೃತಿಯಲ್ಲ ಎನ್ನುತ್ತೀರಿ?

ಕೊನೆಯ ಪ್ರಶ್ನೆಗೆ ಬರುವ ಉತ್ತರವೇ ಹೆಚ್ಚು ಕಾಲ ಉಪಯೋಗಕ್ಕೆ ಬರುತ್ತದೆ. ಸಂದರ್ಶನವನ್ನು ಅಕ್ಷರಕ್ಕಿಳಿಸಿ, ಕಲಾವಿದರಿಗೆ ತೋರಿಸಿ, ಸಹಿ ಹಾಕಿಸಿ ಕಡತಕ್ಕೆ ಸೇರಿಸಿ. ಹತ್ತು ವರ್ಷದ ನಂತರ ಮತ್ತೆ ಕೇಳಿದರೆ ಅವರ ಅಭಿಪ್ರಾಯ ಬದಲಾಗಿರಬಹುದು. ಹಳೆಯದನ್ನು ಅಳಿಸದೆ ಎರಡನ್ನೂ ಇಟ್ಟುಕೊಳ್ಳಿ.

ವಿದ್ಯುತ್ ಬೇಡುವ ಕೃತಿಗಳಿಗೆ ಇನ್ನಷ್ಟು ಎಚ್ಚರ ಬೇಕು. ಡ್ಯಾನ್ ಫ್ಲೇವಿನ್ ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟ್‌ಗಳಲ್ಲಿ ಕೃತಿ ಮಾಡಿದರು. ಪಾದರಸದ ಕಾರಣಕ್ಕೆ ಯುರೋಪಿಯನ್ ಒಕ್ಕೂಟ 2023ರಲ್ಲಿ ಸಾಮಾನ್ಯ ಟ್ಯೂಬ್‌ಗಳನ್ನು ಮಾರುಕಟ್ಟೆಗೆ ತರುವುದನ್ನೇ ನಿಲ್ಲಿಸಿತು. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳ ಕಥೆಯೂ ಇದೇ. ಇಂಥ ಕೃತಿ ಕೊಳ್ಳುವಾಗಲೇ ಬಿಡಿಭಾಗಗಳ ದಾಸ್ತಾನಿಗೆ ಹಣ ಸೇರಿಸಿ. ವಿಡಿಯೊ ಕೃತಿಯಾದರೆ ಪ್ರಮಾಣಪತ್ರ, ಎಡಿಷನ್ ಸಂಖ್ಯೆ (ಸೀಮಿತ ಪ್ರತಿಗಳಲ್ಲಿ ಇದು ಎಷ್ಟನೆಯದು ಎಂಬುದು), ಅನುಸ್ಥಾಪನೆಯ ಸೂಚನೆ, ಪೂರ್ಣ ಗುಣಮಟ್ಟದ ಮಾಸ್ಟರ್ ಫೈಲ್, ಪ್ರದರ್ಶನಕ್ಕೆ ಸಂಕುಚಿತ ಫೈಲ್, ಮುಂದೆ ಬೇರೆ ಫಾರ್ಮ್ಯಾಟಿಗೆ ಬದಲಿಸುವ ಲಿಖಿತ ಅನುಮತಿ ಎಲ್ಲವೂ ಬರುವವರೆಗೆ ಕೊನೆಯ ಕಂತು ಪಾವತಿಸಬೇಡಿ. ಬಂದ ದಿನವೇ ಇಡೀ ವಿಡಿಯೊ ನೋಡಿ. ಫೈಲ್‌ಗೆ ಚೆಕ್‌ಸಮ್ (ಫೈಲಿನ ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ತೆಗೆದು ಬರೆದಿಡಿ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಕಟ್ಟಡದಲ್ಲಿ. ವರ್ಷಕ್ಕೊಮ್ಮೆ ಚೆಕ್‌ಸಮ್ ಹೋಲಿಸಿ ನೋಡಿದರೆ ಫೈಲ್ ಸದ್ದಿಲ್ಲದೆ ಕೆಟ್ಟಿರುವುದು ಆಗಲೇ ತಿಳಿಯುತ್ತದೆ. ಪೆನ್‌ಡ್ರೈವ್ ಅನ್ನು ಮೇಜಿನ ಡ್ರಾಯರಿನಲ್ಲಿಟ್ಟರೆ ಅದನ್ನು ಸಂರಕ್ಷಣೆ ಎನ್ನಲಾಗದು.

ಪ್ರದರ್ಶನ: ತೆರೆಯುವ ದಿನದಿಂದ ಹಿಂದಕ್ಕೆ

ತೆರೆಯುವ ದಿನ ಸೆಮಿಸ್ಟರಿನ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಬರಲಿ. ಮೊದಲ ವಾರ ಎಲ್ಲರೂ ಕೋರ್ಸ್ ಬದಲಿಸುವ ಗಡಿಬಿಡಿಯಲ್ಲಿರುತ್ತಾರೆ. ಪರೀಕ್ಷೆಯ ವಾರಗಳಲ್ಲಿ ಜೋಡಿಸುವ, ಇಳಿಸುವ ಕೆಲಸ ಇಟ್ಟುಕೊಳ್ಳಬೇಡಿ, ವಿದ್ಯಾರ್ಥಿ ಸಹಾಯಕರು ಆಗ ಸಿಗುವುದಿಲ್ಲ.

24 ತಿಂಗಳ ಮುಂಚೆ ಎರಡು ಪುಟದ ಪ್ರಸ್ತಾವ, ಜೊತೆಗೆ ಕೈಜೋಡಿಸುವ ಕನಿಷ್ಠ ಇಬ್ಬರು ಅಧ್ಯಾಪಕರ ಹೆಸರು. 18 ತಿಂಗಳಿಗೆ ಕೃತಿಗಳ ಪಟ್ಟಿ, ಪ್ರತಿಯೊಂದರ ಎದುರು ಅದು ಸಿಗದಿದ್ದರೆ ಬದಲಿ. 12 ತಿಂಗಳಿಗೆ ಎರವಲು ಕೋರಿಕೆಯ ಪತ್ರಗಳು ಹೊರಡಬೇಕು. ಅನೇಕ ಮ್ಯೂಸಿಯಂಗಳ ಸಮಿತಿ ವರ್ಷಕ್ಕೆ ಕೆಲವೇ ಬಾರಿ ಸೇರುವುದರಿಂದ ತಡವಾದರೆ ಉತ್ತರ ನಿಮ್ಮ ಉದ್ಘಾಟನೆಯ ನಂತರ ಬರುತ್ತದೆ. ಪತ್ರದ ಜೊತೆ ಕಟ್ಟಡದ ಸೌಲಭ್ಯ ವರದಿಯೂ ಹೋಗಬೇಕು: ತಾಪಮಾನ, ತೇವಾಂಶ, ಬೆಂಕಿ ವ್ಯವಸ್ಥೆ, ಕಾವಲು, ಕೀಟ ನಿಯಂತ್ರಣ. ತೇವಾಂಶ 40ರಿಂದ 60 ಪ್ರತಿಶತ, ತಾಪಮಾನ 16ರಿಂದ 25 ಡಿಗ್ರಿ ನಡುವೆ, ದಿನದೊಳಗೆ ದೊಡ್ಡ ಏರಿಳಿತವಿಲ್ಲದೆ ಇದ್ದರೆ ಇಂದು ಬಹಳಷ್ಟು ಮ್ಯೂಸಿಯಂಗಳು ಒಪ್ಪುತ್ತವೆ. ಒಂದು ವರ್ಷದ ನಿಜವಾದ ದಾಖಲೆಯನ್ನೇ ಕಳಿಸಿ. ಚೆಂದ ಮಾಡಿ ಬರೆದ ಅಂಕಿಗಳು ಕೃತಿಯ ಜೊತೆ ಬರುವ ಕೊರಿಯರ್ ಕೈಯಲ್ಲಿರುವ ಮಾಪಕದ ಮುಂದೆ ನಿಲ್ಲುವುದಿಲ್ಲ.

ಎರವಲು ಒಪ್ಪುವ ಮುನ್ನ ಅಳತೆಪಟ್ಟಿ ಹಿಡಿದು ಸರಕು ಇಳಿಸುವ ಜಾಗದಿಂದ ಗ್ಯಾಲರಿಯವರೆಗೆ ನಡೆಯಿರಿ. ಬಾಗಿಲಿನ ಎತ್ತರ, ಲಿಫ್ಟಿನ ಒಳಗಿನ ಆಳ, ಹಜಾರದ ತಿರುವಿನ ಕರ್ಣ. ಪೆಟ್ಟಿಗೆ ಕೃತಿಗಿಂತ ಪ್ರತಿ ಬದಿಗೂ 10ರಿಂದ 15 ಸೆಂಟಿಮೀಟರ್ ದೊಡ್ಡದು. ಬೋಧನಾ ಕಟ್ಟಡಗಳ ಲಿಫ್ಟ್‌ಗಳನ್ನು ಜನರಿಗಾಗಿ ಮಾಡಿರುತ್ತಾರೆ, 2.4 ಮೀಟರಿನ ಚಿತ್ರ ಅದರಲ್ಲಿ ನಿಲ್ಲುವುದಿಲ್ಲ. ಭಾರದ ಶಿಲ್ಪವಿದ್ದರೆ ನೆಲ ಎಷ್ಟು ತಾಳುತ್ತದೆ ಎಂದು ಕಟ್ಟಡ ವಿಭಾಗದ ಎಂಜಿನಿಯರ್‌ರಿಂದ ಬರಹದಲ್ಲಿ ಪಡೆಯಿರಿ.

ಆಯವ್ಯಯದಲ್ಲಿ ಸಾಗಾಟ ಮತ್ತು ವಿಮೆಯೇ ಬಹುಪಾಲು ನುಂಗುತ್ತದೆ. ವಿಮೆ ಕೃತಿ ಅಲ್ಲಿನ ಮೊಳೆಯಿಂದ ಇಳಿದು, ಇಲ್ಲಿಗೆ ಬಂದು, ಅಲ್ಲಿನ ಮೊಳೆಗೆ ಮರಳುವವರೆಗೆ ಇರಬೇಕು. ಅನಿರೀಕ್ಷಿತಕ್ಕೆ 10 ಪ್ರತಿಶತ ಬದಿಗಿಡಿ. ಹೊಸ ಕೃತಿ ಮಾಡಿಸುವುದಾದರೆ ಕಲಾವಿದರ ಸಂಭಾವನೆಯನ್ನೂ ತಯಾರಿಕೆಯ ಖರ್ಚನ್ನೂ ಎರಡು ಬೇರೆ ಸಾಲಿನಲ್ಲಿ ಬರೆಯಿರಿ. ಒಂದೇ ಮೊತ್ತ ಕೊಟ್ಟರೆ ಸಾಮಗ್ರಿಯ ಬೆಲೆ ಏರಿದಾಗ ಅವರ ದುಡಿಮೆಯ ಹಣವೇ ಕರಗುತ್ತದೆ, ಇದು ಅನ್ಯಾಯ. ಸಹಿಯಾದಾಗ, ಅರ್ಧ ಮುಗಿದಾಗ, ಜೋಡಿಸಿದಾಗ ಎಂದು ಮೂರು ಕಂತು. ಪ್ರದರ್ಶನದ ನಂತರ ಕೃತಿ ಯಾರದು, ಕಳಚುವ ಖರ್ಚು ಯಾರದು ಎಂಬುದೂ ಅದೇ ಒಪ್ಪಂದದಲ್ಲಿರಲಿ.

ಗೋಡೆಬರಹ ಮತ್ತು ಜೋಡಿಸುವ ವಾರ

ಪ್ರವೇಶದ ಬರಹ 150ರಿಂದ 200 ಪದ, ಪ್ರತಿ ಕೃತಿಯ ಲೇಬಲ್ 50ರಿಂದ 75 ಪದ. ಮೊದಲ ವಾಕ್ಯ ಓದುಗರ ಕಣ್ಣನ್ನು ಕೃತಿಯಲ್ಲಿ ಕಾಣುವ ಒಂದು ಸಂಗತಿಯ ಕಡೆಗೆ ತಿರುಗಿಸಬೇಕು. "ಅಸ್ಮಿತೆಯ ರಾಜಕಾರಣವನ್ನು ಪ್ರಶ್ನಿಸುವ ಕೃತಿ" ಎಂಬ ಸಾಲನ್ನು ಯಾವ ಕೃತಿಯ ಕೆಳಗೆ ಬೇಕಾದರೂ ಅಂಟಿಸಬಹುದು. "ಎಡಗಡೆಯ ಕುರ್ಚಿಗೆ ಮೂರೇ ಕಾಲುಗಳಿವೆ" ಎಂಬುದನ್ನು ಓದಿದವರು ಮತ್ತೆ ತಲೆಯೆತ್ತಿ ನೋಡುತ್ತಾರೆ. ಕರಡನ್ನು ಕಲೆ ಓದದ ಮೂರು ವಿದ್ಯಾರ್ಥಿಗಳಿಂದ ಗಟ್ಟಿಯಾಗಿ ಓದಿಸಿ, ಅವರು ತಡವರಿಸಿದ ಕಡೆ ತಿದ್ದಿ. ಕಲಾವಿದರ ಹೆಸರು ಮತ್ತು ಮಾಧ್ಯಮದ ವಿವರವನ್ನು ಮುದ್ರಣಕ್ಕೆ ಮುಂಚೆ ಅವರಿಗೇ ಕಳಿಸಿ ಖಚಿತಪಡಿಸಿಕೊಳ್ಳಿ.

ಹೊರಗಿನಿಂದ ಬಂದ ಪೆಟ್ಟಿಗೆಗಳನ್ನು 24 ಗಂಟೆ ಮುಚ್ಚಿಯೇ ಗ್ಯಾಲರಿಯಲ್ಲಿಡಿ, ಒಳಗಿನ ಗಾಳಿ ಕೋಣೆಯ ಹವೆಗೆ ಹೊಂದಿಕೊಳ್ಳಲಿ. ತೆರೆದ ಕೂಡಲೇ ಸ್ಥಿತಿ ವರದಿ, ಛಾಯಾಚಿತ್ರ, ಎರಡೂ ಕಡೆಯವರ ಸಹಿ. ಅಕ್ರಿಲಿಕ್ ಚಿತ್ರಗಳ ಮೇಲ್ಮೈ ಬೆಚ್ಚಗಿದ್ದಾಗ ಮೆತ್ತಗಿದ್ದು ತಾಗಿದ ಪ್ಲಾಸ್ಟಿಕ್ ಅಂಟಿಕೊಳ್ಳುತ್ತದೆ, ಗುಳ್ಳೆ ಹಾಳೆಯ ವೃತ್ತಗಳು ಬಣ್ಣದ ಮೇಲೆ ಅಚ್ಚಾಗಿಬಿಡುತ್ತವೆ. ಕೊರೆಯುವ ಚಳಿಯಲ್ಲಿ ಅದೇ ಬಣ್ಣ ಪೆಡಸಾಗಿ, ಏಟು ಬಿದ್ದರೆ ಬಿರಿಯುತ್ತದೆ. ಆದ್ದರಿಂದ ಮೇಲ್ಮೈಗೆ ಏನೂ ತಾಗದ ಚೌಕಟ್ಟಿನಲ್ಲೇ ಸಾಗಿಸಬೇಕು.

ಮೊಳೆ ಹೊಡೆಯುವ ಮುನ್ನ ಕೃತಿಗಳನ್ನು ಫೋಮ್ ತುಂಡುಗಳ ಮೇಲೆ ಗೋಡೆಗೆ ಒರಗಿಸಿಟ್ಟು ಒಂದು ಪೂರ್ತಿ ದಿನ ನೋಡಿ. ಚಿತ್ರದ ಮಧ್ಯಬಿಂದು ನೆಲದಿಂದ 145ರಿಂದ 150 ಸೆಂಟಿಮೀಟರ್. ತೂಗುಹಾಕುವ ಕೊಕ್ಕೆಯ ಎತ್ತರ ಹೀಗೆ ಸಿಗುತ್ತದೆ: ಮಧ್ಯರೇಖೆ, ಕೂಡಿಸು ಚಿತ್ರದ ಅರ್ಧ ಎತ್ತರ, ಕಳೆ ಚೌಕಟ್ಟಿನ ಮೇಲಂಚಿನಿಂದ ಕೊಕ್ಕೆಗೆ ಇರುವ ಅಂತರ. 80 ಸೆಂಟಿಮೀಟರ್ ಎತ್ತರದ ಚಿತ್ರಕ್ಕೆ ಅಂತರ 10 ಇದ್ದರೆ, 150 ಕೂಡಿಸು 40 ಕಳೆ 10, ಅಂದರೆ 180. ಪ್ರೊಜೆಕ್ಟರಿಗೂ ಲೆಕ್ಕ ಸುಲಭ: ಥ್ರೋ ಅನುಪಾತವನ್ನು ಚಿತ್ರದ ಅಗಲಕ್ಕೆ ಗುಣಿಸಿದರೆ ದೂರ. ಅನುಪಾತ 1.5, ಅಗಲ 3 ಮೀಟರ್ ಆದರೆ ಪ್ರೊಜೆಕ್ಟರ್ 4.5 ಮೀಟರ್ ಹಿಂದೆ. ಆ ಕಿರಣದ ದಾರಿಯಲ್ಲಿ ಜನ ನಡೆಯುತ್ತಾರೆಯೇ ಎಂದೂ ನೋಡಿ. ಶಬ್ದವಿರುವ ಎರಡು ವಿಡಿಯೊಗಳನ್ನು ಅಕ್ಕಪಕ್ಕ ಇಡಬೇಡಿ. ನಕ್ಷೆಯಲ್ಲಿ ಗೋಡೆ ಇದ್ದರೂ ಕಡಿಮೆ ಆವರ್ತನದ ಧ್ವನಿ ದಾಟಿಬರುತ್ತದೆ. ಬೆಳಿಗ್ಗೆ ಯಂತ್ರಗಳನ್ನು ಯಾವ ಕ್ರಮದಲ್ಲಿ ಹಚ್ಚಬೇಕು, ನಿಂತರೆ ಏನು ಮಾಡಬೇಕು ಎಂಬುದನ್ನು ಒಂದು ಪುಟದಲ್ಲಿ ಬರೆದು ಕಾವಲಿಗಿರುವ ವಿದ್ಯಾರ್ಥಿಗಳ ಕೈಗೆ ಕೊಡಿ.

ಆಕ್ಷೇಪ ಬಂದಾಗ, ಆಡಳಿತ ಬದಲಾದಾಗ

ಸಮಕಾಲೀನ ಕಲೆಯಲ್ಲಿ ದೇಹ, ಧರ್ಮ, ರಾಜಕೀಯ ಬರುತ್ತವೆ, ಆಕ್ಷೇಪವೂ ಬರುತ್ತದೆ. ಅದಕ್ಕೆ ತಯಾರಿ ತೆರೆಯುವ ಆರು ವಾರ ಮುಂಚೆ. ಕೃತಿ ಏನು, ಏಕೆ ಆರಿಸಿದೆವು, ಯಾವ ಕೋರ್ಸಿಗೆ ಸಂಬಂಧಿಸಿದೆ ಎಂಬ ಒಂದು ಪುಟವನ್ನು ನಿರ್ದೇಶಕರಿಗೂ ವಿಶ್ವವಿದ್ಯಾಲಯದ ಮಾಧ್ಯಮ ಕಚೇರಿಗೂ ಕೊಡಿ. ಗೋಡೆಯ ಆಚೆಗೆ ಏನಿದೆ ಎಂಬ ಸೂಚನಾಫಲಕ ಇರಲಿ, ನೋಡುವ ಆಯ್ಕೆ ಜನರಿಗೆ ಸಿಗಲಿ. ಪತ್ರಕರ್ತರ ಜೊತೆ ಯಾರು ಮಾತಾಡುತ್ತಾರೆ ಎಂಬುದು ನಿರ್ಧಾರವಾಗಿರಲಿ. ದೂರು ತಂದವರನ್ನು ಕೃತಿಯ ಮುಂದೆ ಭೇಟಿಯಾಗಿ ಪೂರ್ತಿ ಕೇಳಿ. ಕಲಾವಿದರಿಗೆ ತಿಳಿಸದೆ ಒಂದು ಕೃತಿಯನ್ನು ರಾತ್ರೋರಾತ್ರಿ ಇಳಿಸುವುದು ಮಾತ್ರ ಎಂದಿಗೂ ಆಗಬಾರದು. ಹಾಗೆ ಮಾಡಿದ ಮ್ಯೂಸಿಯಂಗೆ ಮುಂದೆ ಗಂಭೀರ ಕಲಾವಿದರೆಲ್ಲ ಕೃತಿ ಕೊಡಲು ಹಿಂಜರಿಯುತ್ತಾರೆ.

ಇನ್ನೊಂದು ಅಪಾಯ ಮೇಲಿನಿಂದ ಬರುತ್ತದೆ. 2009ರ ಜನವರಿಯಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಟ್ರಸ್ಟಿಗಳು ಆರ್ಥಿಕ ಮುಗ್ಗಟ್ಟಿನ ಕಾರಣಕ್ಕೆ ತಮ್ಮ ರೋಸ್ ಆರ್ಟ್ ಮ್ಯೂಸಿಯಂ ಮುಚ್ಚಿ ಸಂಗ್ರಹವನ್ನು ಮಾರಲು ಮತ ಹಾಕಿದರು. ಆಧುನಿಕ ಕಲೆಯ ಶ್ರೇಷ್ಠ ಸಂಗ್ರಹಗಳಲ್ಲೊಂದು ಅದು. ವಿರೋಧ ಎದ್ದಿತು, ಮೊಕದ್ದಮೆ ನಡೆಯಿತು, 2011ರಲ್ಲಿ ರಾಜಿಯಾಗಿ ಮ್ಯೂಸಿಯಂ ಉಳಿಯಿತು. ವಿಶ್ವವಿದ್ಯಾಲಯದ ಲೆಕ್ಕಪತ್ರದಲ್ಲಿ ಕಲಾಕೃತಿ ಆಸ್ತಿಯಾಗಿ ಕಾಣಿಸಿಕೊಂಡ ದಿನದಿಂದ ಈ ಪ್ರಶ್ನೆ ಏಳಬಹುದು. ಸಂಗ್ರಹ ನೀತಿಯನ್ನು ಆಡಳಿತ ಮಂಡಳಿಯ ಠರಾವಿನ ಮೂಲಕ ಅನುಮೋದಿಸಿಕೊಳ್ಳಿ. ಸಂಗ್ರಹದಿಂದ ಒಂದು ಕೃತಿಯನ್ನು ತೆಗೆಯುವ ಹಂತಗಳು ಅದರಲ್ಲಿರಲಿ, ಮಾರಿದ ಹಣ ಸಂಗ್ರಹಕ್ಕೇ ಮರಳಬೇಕು, ಕಟ್ಟಡ ದುರಸ್ತಿಗೋ ಸಂಬಳಕ್ಕೋ ಹೋಗಬಾರದು ಎಂಬ ಸಾಲೂ ಇರಲಿ. ಅದರ ಜೊತೆಗೆ ಪ್ರತಿ ವರ್ಷ ಕುಲಪತಿಗಳಿಗೆ ಎರಡು ಪುಟದ ವರದಿ ಕಳಿಸಿ: ಎಷ್ಟು ತರಗತಿಗಳು ಬಂದವು, ಎಷ್ಟು ವಿಭಾಗಗಳಿಂದ, ಎಷ್ಟು ಕೃತಿಗಳು ಉಗ್ರಾಣದಿಂದ ಹೊರಬಂದವು, ಯಾವ ಪ್ರಬಂಧಗಳು ಅವುಗಳ ಮೇಲೆ ಬರೆಯಲ್ಪಟ್ಟವು. ಸಂದರ್ಶಕರ ಸಂಖ್ಯೆಗಿಂತ ಮೊದಲು ಈ ಅಂಕಿಗಳನ್ನು ಬರೆಯಿರಿ. ರಸಾಯನಶಾಸ್ತ್ರದ, ಕಾನೂನಿನ, ವೈದ್ಯಕೀಯದ ಅಧ್ಯಾಪಕರು ತಮ್ಮ ಪಾಠಕ್ಕೆ ಆ ಕೃತಿಗಳು ಬೇಕೆಂದು ಸ್ವತಃ ಬರೆದ ಪತ್ರಗಳನ್ನು ವರದಿಗೆ ಲಗತ್ತಿಸಿ, ಪ್ರತಿಯೊಂದನ್ನು ಕೃತಿಯ ಕಡತದಲ್ಲೂ ಇಡಿ.